ತೇಗದ ಮೇಜಿಗೆ ಡ್ಯಾನಿಶ್ ಆಯಿಲ್: ಹೊಳಪು ಡಬ್ಬದಲ್ಲಿಲ್ಲ

ಹಳೆಯ ತೇಗದ ಮೇಜಿನ ಮೆಲಮೈನ್ ಪಾಲಿಶ್ ಕೆರೆದು ತೆಗೆಸಿದ ಮೇಲೆ, ಈ ಬಾರಿ ಮರದ ಎಳೆ ಎದ್ದು ಕಾಣಲಿ ಎಂದು ಡ್ಯಾನಿಶ್ ಆಯಿಲ್ ತರಿಸಿಕೊಂಡೆ. ಈ ಹೆಸರಿಗೆ ನಿಗದಿತ ಪಾಕವೇನೂ ಇಲ್ಲ. ಅಗಸೆ ಎಣ್ಣೆಯನ್ನೋ ಟಂಗ್ ಮರದ ಬೀಜದ ಎಣ್ಣೆಯನ್ನೋ ವಾರ್ನಿಷ್ ಮತ್ತು ಥಿನ್ನರ್ ಜೊತೆ ಬೆರೆಸಿ ಒಂದೊಂದು ಕಂಪನಿ ಒಂದೊಂದು ಬಗೆಯಲ್ಲಿ ತಯಾರಿಸುತ್ತದೆ. ಬರೀ ಅಗಸೆ ಎಣ್ಣೆಗಿಂತ ಇದು ತುಸು ಹೆಚ್ಚು ಹೊಳೆಯುವುದು ಆ ವಾರ್ನಿಷ್‌ನಿಂದಲೇ.

ಎಣ್ಣೆ ಚೆನ್ನಾಗಿದೆ, ಡಬ್ಬದ ಮೇಲಿನ ಸೂಚನೆ ಸಾಲದು. ಬಟ್ಟೆಯಿಂದ ಹಚ್ಚಿ, ಹದಿನೈದು ನಿಮಿಷ ಬಿಟ್ಟು ಒರೆಸಿ, ಮೂರು ಕೋಟ್ ಕೊಡಿ ಎಂದಷ್ಟೇ ಇದೆ. ಅಷ್ಟರಿಂದ ಮರಕ್ಕೆ ಜೇನಿನ ಬಣ್ಣವೇನೋ ಏರುತ್ತದೆ, ಆದರೆ ತೇಗದ ದೊಡ್ಡ ರಂಧ್ರಗಳು ತೆರೆದೇ ಇರುವುದರಿಂದ ಬೆಳಕು ಚದುರಿ ಮೇಲ್ಮೈ ಮಂಕಾಗಿಯೇ ಉಳಿಯುತ್ತದೆ. ಎರಡನೆಯ ಕೋಟ್ ಇನ್ನೂ ಹಸಿಯಾಗಿರುವಾಗಲೇ 400ರ ವಾಟರ್ ಪೇಪರಿನಿಂದ (ಒದ್ದೆಯಲ್ಲೂ ಉಜ್ಜಬಹುದಾದ ಮರಳುಕಾಗದ; ಅಂಕಿ ಹೆಚ್ಚಿದಷ್ಟೂ ನಯ) ಎಳೆಯ ಗುಂಟ ಉಜ್ಜಿದರೆ, ಮರದ ಹುಡಿ ಎಣ್ಣೆಯಲ್ಲಿ ಕಲೆತು ಕಂದು ಬಣ್ಣದ ತೆಳು ಗಸಿಯಾಗಿ ಆ ರಂಧ್ರಗಳಲ್ಲಿ ಕೂರುತ್ತದೆ. ಮೇಲೆ ಉಳಿದದ್ದನ್ನು ಎಳೆಗೆ ಅಡ್ಡಲಾಗಿ ಒರೆಸಬೇಕು; ಉದ್ದಕ್ಕೆ ಒರೆಸಿದರೆ ತುಂಬಿದ್ದೂ ಎದ್ದುಬರುತ್ತದೆ. ಅದು ಪೂರ್ತಿ ಒಣಗಿದ ಬಳಿಕ ಮುಂದಿನ ಕೋಟಿಗೆ 600, ಕೊನೆಯದಕ್ಕೆ 1000ರ ಪೇಪರ್. ಈಗ ನನ್ನ ಮೇಜಿನ ಮೇಲೆ ಕಿಟಕಿಯ ಸರಳುಗಳು ಮಸುಕಾಗಿ ಪ್ರತಿಫಲಿಸುತ್ತವೆ. ಇದಕ್ಕೂ ಮಿಗಿಲಾದ ಕನ್ನಡಿ ಹೊಳಪು ಬೇಕೆನ್ನುವವರು ಅರಗಿನ ಪಾಲಿಶ್ ಮಾಡಿಸುವುದೇ ಲೇಸು. ಕೋಟಿನ ಮೇಲೆ ಕೋಟ್ ಬಳಿಯುತ್ತಾ ಹೋದರೆ ಅಂಟು ಉಳಿದೀತೇ ಹೊರತು ಹೊಳಪು ಹೆಚ್ಚದು.

ಈ ಎಣ್ಣೆ ಬರೀ ಆರುವುದಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಆ ಕೆಲಸ ನಿಧಾನ, ಆದ್ದರಿಂದ ಬೇಸಿಗೆಯಲ್ಲಿ ಹಚ್ಚುವುದು ವಾಸಿ. ಬೀಟೆ ಮರದ ಪೀಠೋಪಕರಣವಿದ್ದವರು ಮೊದಲು ಕಾಣದ ಮೂಲೆಯಲ್ಲಿ ಹಚ್ಚಿ ನೋಡಲಿ, ಏಕೆಂದರೆ ಆ ಮರದೊಳಗಿನ ಸಹಜ ಅಂಶಗಳೇ ಎಣ್ಣೆ ಗಟ್ಟಿಯಾಗುವುದನ್ನು ತಡೆಯುತ್ತವೆ.

ಒಂದು ಆಕ್ಷೇಪವನ್ನು ಮಾತ್ರ ಗಟ್ಟಿಯಾಗಿಯೇ ಹೇಳಬೇಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹೊರಗೆ ಹರಡಿ ಒಣಗಿಸಬೇಕು ಅಥವಾ ನೀರಿನಲ್ಲಿ ಅದ್ದಿಡಬೇಕು. ಇಂಥ ಎಚ್ಚರಿಕೆಯನ್ನು ಭೂತಗನ್ನಡಿ ಹಿಡಿದು ಓದುವಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿರುವುದು ಸರಿಯಲ್ಲ. ಉಳಿದಂತೆ, ಉಜ್ಜುವ ತಾಳ್ಮೆ ಇದ್ದವರು ಧಾರಾಳವಾಗಿ ಕೊಳ್ಳಬಹುದು. ಬಿಸಿ ಪಾತ್ರೆ ಇಡುವ ಊಟದ ಮೇಜಿಗೆ ಮಾತ್ರ ನಾನು ಇದನ್ನು ಹಚ್ಚಲಾರೆ.