ಡೀಸೆಲ್ ಎಸ್‌ಯುವಿ ಮೈಲೇಜ್: ಡ್ಯಾಶ್‌ಬೋರ್ಡ್ ಅಂಕಿಯಾ, ಟ್ಯಾಂಕ್ ಲೆಕ್ಕವಾ?

ಮಂಡ್ಯ–ಮೈಸೂರು ಓಡಾಡುವ ಡೀಸೆಲ್ ಎಸ್‌ಯುವಿಯ ನಿಜವಾದ ಮೈಲೇಜ್ ತಿಳಿಯಲು ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ. ಡ್ಯಾಶ್‌ಬೋರ್ಡ್ ನೋಡುವುದು, ಇಲ್ಲವೇ ಟ್ಯಾಂಕ್ ಫುಲ್ ಮಾಡಿಸಿ ಲೆಕ್ಕ ಹಾಕುವುದು. ಎರಡಕ್ಕೂ ಬೇರೆ ಖರ್ಚಿಲ್ಲ.

ನಿಖರತೆ ಬೇಕಾದರೆ ನನ್ನ ಓಟು ಟ್ಯಾಂಕ್ ಲೆಕ್ಕಕ್ಕೆ. ಡ್ಯಾಶ್‌ಬೋರ್ಡಿನದು ಕಂಪ್ಯೂಟರ್ ಹಾಕುವ ಅಂದಾಜು, ಎಷ್ಟೋ ಗಾಡಿಗಳಲ್ಲಿ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಫುಲ್ ಮಾಡಿಸಿ ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. 612 ಕಿ.ಮೀ. ಓಡಿದ ಮೇಲೆ ಮತ್ತೆ ಫುಲ್ ಮಾಡಿಸಿದಾಗ 45 ಲೀಟರ್ ಹಿಡಿದರೆ, ಲೀಟರಿಗೆ 13.6 ಕಿ.ಮೀ. ಆದರೆ ಡೀಸೆಲ್ ನೊರೆ ಕಟ್ಟುತ್ತದೆ ಅಲ್ವಾ? ನೊರೆ ಮೇಲೆ ಬಂದರೆ ಟ್ಯಾಂಕ್ ತುಂಬುವ ಮೊದಲೇ ಗನ್ ಕಟ್ ಆಗುತ್ತದೆ. ಅದಕ್ಕೇ ಪ್ರತಿ ಸಲ ಅದೇ ಬಂಕ್, ನಿಧಾನವಾಗಿ ತುಂಬಿಸಿ, ಮೊದಲ ಕಟ್‌ಗೇ ನಿಲ್ಲಿಸಿ. ಮೂರ್ನಾಲ್ಕು ಟ್ಯಾಂಕಿನ ಲೆಕ್ಕ ಒಟ್ಟಿಗೆ ಹಾಕಿದರೆ ಸಣ್ಣಪುಟ್ಟ ವ್ಯತ್ಯಾಸ ಸರಿಹೋಗುತ್ತದೆ.

ತಕ್ಷಣ ತಿಳಿಯಬೇಕಾದರೆ ಡ್ಯಾಶ್‌ಬೋರ್ಡೇ ಸರಿ. ಎಕ್ಸ್‌ಪ್ರೆಸ್‌ವೇನಲ್ಲಿ 80ಕ್ಕೂ 100ಕ್ಕೂ ಎಷ್ಟು ಫರಕು, ಚಾಮುಂಡಿ ಬೆಟ್ಟ ಹತ್ತುವಾಗ ಎಷ್ಟು ಕುಡಿಯುತ್ತದೆ, ಎಲ್ಲ ಅಲ್ಲೇ ಕಾಣುತ್ತದೆ. ಬಿಎಸ್6 (ಹೊಗೆ ನಿಯಮದ) ಗಾಡಿಯಲ್ಲಿ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ತನ್ನಲ್ಲಿ ಸೇರಿದ ಮಸಿ ಸುಡುವಾಗ ಮೈಲೇಜ್ ಅಂಕಿ ಇಳಿಯುತ್ತದೆ, ಗಾಬರಿ ಬೇಡ.

ಓಡಿಸುವ ರೀತಿ ತಿದ್ದಿಕೊಳ್ಳುವವರಿಗೆ ಡ್ಯಾಶ್‌ಬೋರ್ಡ್ ಸಾಕು. ತಿಂಗಳ ಖರ್ಚಿನ ಲೆಕ್ಕ ಬೇಕಾದರೆ, ಇಂಜಿನ್ ಮೇಲೆ ಅನುಮಾನ ಇದ್ದರೆ ಟ್ಯಾಂಕ್ ಲೆಕ್ಕವೇ ಆಗಬೇಕು. ಆಗಾಗ ಸಾವಿರ ರೂಪಾಯಿಗೆ ಹಾಕಿಸುವವರೂ ಇದನ್ನು ಮಾಡಬಹುದು: ಮೊದಲ ಫುಲ್ ಆದ ಮೇಲಿನ ಎಲ್ಲ ಬಿಲ್‌ಗಳ ಲೀಟರನ್ನು, ಮುಂದಿನ ಫುಲ್‌ನದೂ ಸೇರಿಸಿ, ಕೂಡಿಕೊಳ್ಳಿ.