ಮೊದಲ ಪಿಕ್ ಬಿಟ್ಟುಕೊಡುವ ಮುನ್ನ: ಟ್ರೇಡ್ ಮಷೀನ್‌ಗಳ ಒಂದು ವಿಮರ್ಶೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ಗೆ ಸರದಿ ಗೊತ್ತುಮಾಡುವ ಲಾಟರಿ ಮುಗಿದು, ಯಾವುದೋ ತಂಡಕ್ಕೆ ಮೊದಲ ಪಿಕ್, ಅಂದರೆ ಎಲ್ಲರಿಗಿಂತ ಮೊದಲು ಆರಿಸುವ ಹಕ್ಕು ಒಲಿದೊಡನೆ, ಅದನ್ನು ಉಳಿಸಿಕೊಂಡು ಹತ್ತೊಂಬತ್ತರ ಹರೆಯದ ಹುಡುಗನನ್ನು ಬೆಳೆಸಬೇಕೇ, ಈಗಾಗಲೇ ಹೆಸರು ಮಾಡಿರುವ ಆಟಗಾರನಿಗಾಗಿ ಬಿಟ್ಟುಕೊಡಬೇಕೇ ಎಂಬ ವಾದ ಪ್ರತಿವರ್ಷ ತಪ್ಪದೆ ಹುಟ್ಟುತ್ತದೆ. ಈ ವಾದಕ್ಕೆ ಇಳಿಯುವ ಅಭಿಮಾನಿಗಳು ಮೊದಲು ತೆರೆಯುವುದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಟ್ರೇಡ್ ಮಷೀನ್‌ಗಳನ್ನು. ಇಎಸ್‌ಪಿಎನ್ ಜನಪ್ರಿಯಗೊಳಿಸಿದ ಈ ಬಗೆಯ ಸೇವೆಯನ್ನು ಈಗ ಹಲವರು ಒದಗಿಸುತ್ತಿದ್ದಾರೆ. ಎರಡು ಅಥವಾ ಮೂರು ತಂಡಗಳನ್ನು ಆರಿಸಿ, ಯಾರು ಎಲ್ಲಿಗೆ ಹೋಗಬೇಕೆಂದು ಸೂಚಿಸಿದರೆ, ಆ ವಿನಿಮಯ ಲೀಗ್‌ನ ನಿಯಮಗಳಿಗೆ ಒಪ್ಪುತ್ತದೆಯೇ ಇಲ್ಲವೇ ಎಂಬುದನ್ನು ಅದು ಕ್ಷಣದಲ್ಲಿ ಹೇಳುತ್ತದೆ. ಇಲ್ಲಿ ನಾನು ಒಂದು ನಿರ್ದಿಷ್ಟ ಸಂಸ್ಥೆಯ ಸೇವೆಗೆ ಅಂಕ ಕೊಡುತ್ತಿಲ್ಲ. ಮೊದಲ ಪಿಕ್ ಕುರಿತ ತೀರ್ಮಾನಕ್ಕೆ ಈ ಸಾಧನ ಎಷ್ಟು ನೆರವಾಗುತ್ತದೆ ಎಂಬುದನ್ನು ಪರಿಶೀಲಿಸುತ್ತಿದ್ದೇನೆ. ಒಂದು ವಿನಿಮಯ ಸಾಧ್ಯವೇ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಸಾಧನ ಸಾಮಾನ್ಯ ಓದುಗನಿಗೆ ಸಿಗಲಾರದು. ಆದರೆ ಅದು ಮಾಡತಕ್ಕದ್ದೇ ಎಂಬ ಪ್ರಶ್ನೆಗೆ ಇದರ ಉತ್ತರವನ್ನು ನಂಬಬಾರದು ಎಂಬುದು ನನ್ನ ಅಭಿಪ್ರಾಯ.

ಮೊದಲು ಇದರ ಬಲವನ್ನು ಹೇಳಬೇಕು. ಎನ್‌ಬಿಎಯ ಸಂಬಳದ ನಿಯಮಗಳು ಎಷ್ಟು ತೊಡಕಿನವೆಂದರೆ, ವರ್ಷಗಟ್ಟಲೆ ಆಟ ನೋಡಿದವರೂ ಅವುಗಳಲ್ಲಿ ದಾರಿ ತಪ್ಪುತ್ತಾರೆ. 2025-26ರಲ್ಲಿ ತಂಡದ ಒಟ್ಟು ಸಂಬಳಕ್ಕೆ ಲೀಗ್ ಗೊತ್ತುಮಾಡಿದ ಮಿತಿಯಾದ ಸ್ಯಾಲರಿ ಕ್ಯಾಪ್ ಸುಮಾರು 15.46 ಕೋಟಿ ಡಾಲರ್ ಆಗಿದ್ದರೆ, ಸೆಕೆಂಡ್ ಏಪ್ರನ್ ಎಂಬ ಮೇಲಿನ ಗಡಿ ಸುಮಾರು 20.78 ಕೋಟಿ ಡಾಲರ್‌ನಲ್ಲಿತ್ತು. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2023ರ ಒಪ್ಪಂದದ ಪ್ರಕಾರ ಆ ಗಡಿಯನ್ನು ದಾಟಿದ ತಂಡ ಇಬ್ಬರು ಆಟಗಾರರ ಸಂಬಳವನ್ನು ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವಂತಿಲ್ಲ, ತಾನು ಕಳುಹಿಸಿದ್ದಕ್ಕಿಂತ ಹೆಚ್ಚಿನ ಸಂಬಳವನ್ನು ಪಡೆಯುವಂತೆಯೂ ಇಲ್ಲ. ಇವನ್ನೆಲ್ಲ ಕಾಗದದ ಮೇಲೆ ಲೆಕ್ಕ ಹಾಕುವುದು ಬಲ್ಲವರಿಗೂ ಬೇಸರದ ಕೆಲಸ. ಒಳ್ಳೆಯ ಟ್ರೇಡ್ ಮಷೀನ್ ಈ ಭಾರವನ್ನು ಹೊತ್ತುಕೊಂಡು, ಯಾವ ತಂಡದ ಕಡೆಯಿಂದ ಎಷ್ಟು ಸಂಬಳ ಕಡಿಮೆ ಬೀಳುತ್ತಿದೆ ಎಂಬುದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಮೊದಲ ಪಿಕ್‌ನ ವಿಷಯದಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸೂಕ್ಷ್ಮವಿದೆ. ಪಿಕ್ ಎಷ್ಟೇ ಬೆಲೆಬಾಳುವುದಾದರೂ ವಿನಿಮಯದ ಎರಡೂ ಕಡೆಯ ಸಂಬಳ ಸರಿದೂಗಿಸುವ ಲೆಕ್ಕದಲ್ಲಿ ಅದರ ಮೌಲ್ಯ ಸೊನ್ನೆ. ಆಯ್ಕೆಯಾದ ಆಟಗಾರ ಒಪ್ಪಂದಕ್ಕೆ ಸಹಿ ಹಾಕಿದ ಮೇಲಷ್ಟೇ ಅವನ ಸಂಬಳ ಲೆಕ್ಕಕ್ಕೆ ಬರುತ್ತದೆ, ಹಾಗೆ ಸಹಿ ಹಾಕಿದ ಮೇಲೆ 30 ದಿನ ಅವನನ್ನು ಬೇರೆ ತಂಡಕ್ಕೆ ಕಳುಹಿಸುವಂತಿಲ್ಲ. 2014ರಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡ ತಾನು ಮೊದಲ ಪಿಕ್‌ನಲ್ಲಿ ಆರಿಸಿದ ಆಂಡ್ರ್ಯೂ ವಿಗಿನ್ಸ್‌ನೊಂದಿಗೆ ಜುಲೈ ಕೊನೆಯಲ್ಲಿ ಒಪ್ಪಂದ ಮಾಡಿಕೊಂಡಿತು. ಅವನನ್ನು ಕೊಟ್ಟು ಹೆಸರಾಂತ ಆಟಗಾರ ಕೆವಿನ್ ಲವ್ ಅವರನ್ನು ತರುವ, ಊರಿಗೆಲ್ಲ ಗೊತ್ತಿದ್ದ ವಿನಿಮಯ ಆಗಸ್ಟ್ ಕೊನೆಯವರೆಗೆ ಅಧಿಕೃತವಾಗದಿರಲು ಕಾರಣ ಈ ನಿಯಮ. ಇಂಥ ದಿನಾಂಕದ ನಿರ್ಬಂಧಗಳನ್ನೂ ಎಚ್ಚರಿಸುವ ಸೇವೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳುವುದು ಒಳಿತು.

ಸ್ಟೆಪಿಯನ್ ನಿಯಮದ ತಪಾಸಣೆಯೂ ಇಂಥದ್ದೇ ಉಪಕಾರ. ಮುಂಬರುವ ಎರಡು ಸತತ ಡ್ರಾಫ್ಟ್‌ಗಳಲ್ಲಿ ಮೊದಲ ಸುತ್ತಿನ ಪಿಕ್ ಇಲ್ಲದ ಸ್ಥಿತಿಗೆ ಯಾವ ತಂಡವೂ ತನ್ನನ್ನು ತಂದುಕೊಳ್ಳಬಾರದು ಎಂಬ ಈ ನಿಯಮಕ್ಕೆ 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಒಡೆಯರಾಗಿದ್ದ ಟೆಡ್ ಸ್ಟೆಪಿಯನ್ ಅವರ ಹೆಸರೇ ಉಳಿದಿದೆ. ಆ ತಂಡ ಭವಿಷ್ಯದ ಪಿಕ್‌ಗಳನ್ನು ಎಷ್ಟು ಸಲೀಸಾಗಿ ಕೊಟ್ಟುಬಿಟ್ಟಿತ್ತೆಂದರೆ, ಅದರ 1982ರ ಪಿಕ್ ಡ್ರಾಫ್ಟ್‌ನ ಮೊದಲ ಸ್ಥಾನಕ್ಕೆ ಏರಿದಾಗ ಅದರ ಲಾಭ ಪಡೆದದ್ದು ಲಾಸ್ ಏಂಜಲೀಸ್ ಲೇಕರ್ಸ್. ಆ ಪಿಕ್‌ನಿಂದ ಬಂದ ಜೇಮ್ಸ್ ವರ್ದಿ 1985, 1987 ಮತ್ತು 1988ರಲ್ಲಿ ಲೇಕರ್ಸ್ ಜೊತೆ ಪ್ರಶಸ್ತಿ ಗೆದ್ದರು. ಮುಂದಿನ ವರ್ಷದ ಪಿಕ್ಕನ್ನು ಈಗಾಗಲೇ ಕೊಟ್ಟಿರುವ ತಂಡ ಈ ವರ್ಷದ ಮೊದಲ ಪಿಕ್ಕನ್ನು ಡ್ರಾಫ್ಟ್‌ಗೆ ಮುನ್ನ ಕೊಡುವಂತಿಲ್ಲ. ಡ್ರಾಫ್ಟ್ ಮುಗಿದ ಮೇಲೆ, ಆರಿಸಿದ ಆಟಗಾರನನ್ನು ಕೊಡಬಹುದು. ಈ ವ್ಯತ್ಯಾಸವನ್ನು ಸರಿಯಾಗಿ ಹಿಡಿಯುವ ಸಾಧನದ ಮೇಲೆ ನನಗೆ ಹೆಚ್ಚಿನ ಗೌರವವಿದೆ.

ಇಷ್ಟರವರೆಗೆ ದೂರುವಂಥದ್ದು ಏನೂ ಇಲ್ಲ. ತೊಂದರೆ ಶುರುವಾಗುವುದು ವಿನಿಮಯ ಸಿಂಧುವೆಂದು ಘೋಷಿಸಿದ ಮೇಲೆ, ಅದರಿಂದ ಯಾವ ತಂಡಕ್ಕೆ ಎಷ್ಟು ಗೆಲುವು ಹೆಚ್ಚುತ್ತದೆ ಎಂದು ಕೆಲವು ಸೇವೆಗಳು ಅಂಕಿ ಕೊಡತೊಡಗಿದಾಗ. ಆ ಅಂಕಿ ಸಾಮಾನ್ಯವಾಗಿ ಮುಂದಿನ ಒಂದು ಋತುವಿನದು. ಹತ್ತೊಂಬತ್ತರ ಹುಡುಗ ಮೊದಲ ವರ್ಷದಲ್ಲಿ ತಂಡವನ್ನು ಗೆಲ್ಲಿಸುವುದು ಅಪರೂಪವಾದ್ದರಿಂದ, ಮೊದಲ ಪಿಕ್ಕನ್ನು ಯಾವ ಅನುಭವಿಗೆ ಕೊಟ್ಟರೂ ಕೊಟ್ಟ ತಂಡವೇ ಲಾಭದಲ್ಲಿರುವಂತೆ ಫಲಿತಾಂಶ ಹಸಿರು ಬಣ್ಣದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಹಸಿರನ್ನು ನೋಡಿ ವಾದಕ್ಕೆ ಇಳಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಕಳವಳವಾಗುತ್ತದೆ, ಏಕೆಂದರೆ ಮೊದಲ ಪಿಕ್‌ನ ಬೆಲೆ ಇರುವುದು ಮೊದಲ ಋತುವಿನಲ್ಲಲ್ಲ.

ಇದನ್ನು ಪರೀಕ್ಷಿಸಲು 2017ರ ಬಾಸ್ಟನ್ ಸೆಲ್ಟಿಕ್ಸ್ ಪ್ರಸಂಗಕ್ಕಿಂತ ಉತ್ತಮ ಉದಾಹರಣೆ ಇಲ್ಲ. ಆ ವರ್ಷ ಸೆಲ್ಟಿಕ್ಸ್ 53 ಪಂದ್ಯ ಗೆದ್ದು ಪೂರ್ವ ವಿಭಾಗದಲ್ಲಿ ಅಗ್ರಸ್ಥಾನದಲ್ಲಿತ್ತು. ಅಂಥ ತಂಡಕ್ಕೆ ಮೊದಲ ಪಿಕ್ ದೊರೆತದ್ದು 2013ರಲ್ಲಿ ಕೆವಿನ್ ಗಾರ್ನೆಟ್ ಮತ್ತು ಪಾಲ್ ಪಿಯರ್ಸ್ ಅವರನ್ನು ಬ್ರೂಕ್ಲಿನ್ ನೆಟ್ಸ್‌ಗೆ ಕೊಟ್ಟಾಗ ಪಡೆದಿದ್ದ, ಆ ತಂಡದೊಂದಿಗೆ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕಿನಿಂದ. ಆಗ ಎದುರಿಗಿದ್ದ ದಾರಿಗಳು ಮೂರು: ಎಲ್ಲರೂ ಮೊದಲ ಸ್ಥಾನಕ್ಕೆ ತಕ್ಕವನೆಂದು ಹೇಳುತ್ತಿದ್ದ ಮಾರ್ಕೆಲ್ ಫುಲ್ಟ್ಸ್‌ನನ್ನು ಆರಿಸುವುದು, ಪಿಕ್ಕನ್ನು ಕೊಟ್ಟು ಸಿದ್ಧ ತಾರೆಯೊಬ್ಬನನ್ನು ತರುವುದು, ಇಲ್ಲವೇ ಒಂದೆರಡು ಸ್ಥಾನ ಕೆಳಗಿಳಿದು ಇನ್ನೊಂದು ಪಿಕ್ ಗಳಿಸುವುದು. ಆಗ ತಂಡದ ಹೊಣೆ ಹೊತ್ತಿದ್ದ ಡ್ಯಾನಿ ಐಂಜ್ ಮೂರನೆಯ ದಾರಿ ಹಿಡಿದರು. ಮೊದಲ ಪಿಕ್ ಫಿಲಡೆಲ್ಫಿಯಾ 76ಅರ್ಸ್‌ಗೆ ಹೋಯಿತು, ಅದಕ್ಕೆ ಬದಲಾಗಿ ಮೂರನೆಯ ಪಿಕ್ ಮತ್ತು ಮುಂದಿನ ವರ್ಷಗಳ ಮೊದಲ ಸುತ್ತಿನ ಒಂದು ಪಿಕ್ ಬಾಸ್ಟನ್‌ಗೆ ಬಂದವು. ಎರಡನೆಯ ಸ್ಥಾನದಲ್ಲಿದ್ದ ಲೇಕರ್ಸ್ ಲೊನ್ಜೊ ಬಾಲ್‌ನನ್ನು ಆರಿಸಿತು. ಬಾಸ್ಟನ್‌ಗೆ ಸಿಕ್ಕವನು ಜೇಸನ್ ಟೇಟಮ್.

ಮುಂದಿನದು ಎಲ್ಲರಿಗೂ ತಿಳಿದದ್ದೇ. ಭುಜದ ತೊಂದರೆಯಿಂದ ಬಳಲಿದ ಫುಲ್ಟ್ಸ್ ಫಿಲಡೆಲ್ಫಿಯಾಕ್ಕಾಗಿ ಆಡಿದ್ದು 33 ಪಂದ್ಯಗಳನ್ನಷ್ಟೇ. 2019ರ ಫೆಬ್ರವರಿಯಲ್ಲಿ ಅವನನ್ನು ಒರ್ಲಾಂಡೊಗೆ ಕಳುಹಿಸಲಾಯಿತು. ಟೇಟಮ್ 2024ರ ಪ್ರಶಸ್ತಿ ಗೆದ್ದ ಬಾಸ್ಟನ್ ತಂಡದ ಮುಂಚೂಣಿಯಲ್ಲಿದ್ದರು. ಈ ಫಲಿತಾಂಶದ ಬೆಳಕಿನಲ್ಲಿ ಐಂಜ್ ಅವರನ್ನು ಹೊಗಳುವುದು ಸುಲಭ, ಆದರೆ ನನ್ನ ಮಟ್ಟಿಗೆ ಆ ನಿರ್ಧಾರ ಸರಿಯಾದದ್ದು ಫಲಿತಾಂಶಕ್ಕೆ ಮುನ್ನವೇ. ತಮ್ಮ ಪಟ್ಟಿಯಲ್ಲಿ ಮೊದಲು ನಿಂತವನು ಮೂರನೆಯ ಸ್ಥಾನದಲ್ಲೂ ಸಿಗುತ್ತಾನೆಂಬ ಅಂದಾಜು ಅವರಿಗಿತ್ತು, ಅದನ್ನು ಅವರು ಆಗಲೇ ಹೇಳಿಯೂ ಇದ್ದರು. ಆ ವಿನಿಮಯದಲ್ಲಿ ಬಂದ ಹೆಚ್ಚುವರಿ ಪಿಕ್ ಕೊನೆಗೆ 2019ರ ಹದಿನಾಲ್ಕನೆಯ ಸ್ಥಾನಕ್ಕೆ ಇಳಿದು ದೊಡ್ಡ ಫಲವನ್ನೇನೂ ಕೊಡಲಿಲ್ಲ. ಆದರೂ ಬಾಸ್ಟನ್‌ಗೆ ನಷ್ಟವಾಗಲಿಲ್ಲ, ಏಕೆಂದರೆ ಬೇಕಾದವನು ಕೈತಪ್ಪಿರಲಿಲ್ಲ. ಈ ವಿನಿಮಯವನ್ನು ಟ್ರೇಡ್ ಮಷೀನ್‌ಗೆ ಹಾಕಿದರೆ ಮೂರು ಪಿಕ್‌ಗಳ ಓಡಾಟ ಕಾಣುತ್ತದೆ, ಸಂಬಳದ ಪ್ರಶ್ನೆಯೇ ಏಳದೆ ಒಪ್ಪಿಗೆ ಸಿಗುತ್ತದೆ. ತಂಡದ ಸ್ವಂತ ಪಟ್ಟಿಯಲ್ಲಿ ಯಾರು ಎಲ್ಲಿದ್ದಾರೆ, ನಡುವೆ ಕುಳಿತ ತಂಡ ಯಾರನ್ನು ಆರಿಸಲಿದೆ ಎಂಬ ಎರಡೇ ಸಂಗತಿಗಳ ಮೇಲೆ ಎಲ್ಲವೂ ನಿಂತಿತ್ತು. ಅವೆರಡನ್ನೂ ತುಂಬಲು ಅದರಲ್ಲಿ ಜಾಗವಿಲ್ಲ.

ಬಾಸ್ಟನ್‌ಗೆ ಇದು ಹೊಸತೂ ಅಲ್ಲ. 1980ರಲ್ಲಿ ಅದು ಮೊದಲ ಮತ್ತು ಹದಿಮೂರನೆಯ ಪಿಕ್‌ಗಳನ್ನು ಗೋಲ್ಡನ್ ಸ್ಟೇಟ್ ವಾರಿಯರ್ಸ್‌ಗೆ ಕೊಟ್ಟು ರಾಬರ್ಟ್ ಪ್ಯಾರಿಷ್ ಹಾಗೂ ಮೂರನೆಯ ಪಿಕ್ ಪಡೆಯಿತು, ಆ ಪಿಕ್‌ನಲ್ಲಿ ಬಂದವರು ಕೆವಿನ್ ಮೆಕ್‌ಹೇಲ್. ವಾರಿಯರ್ಸ್ ಆರಿಸಿದ ಜೋ ಬ್ಯಾರಿ ಕ್ಯಾರೊಲ್ ಕೆಟ್ಟ ಆಟಗಾರರೇನಲ್ಲ, ಆದರೆ 1981, 1984 ಮತ್ತು 1986ರ ಪ್ರಶಸ್ತಿಗಳು ಬಾಸ್ಟನ್‌ಗೆ ಸೇರಿದವು. ಇದಕ್ಕೆ ತದ್ವಿರುದ್ಧವಾದದ್ದು 1986ರ ಫಿಲಡೆಲ್ಫಿಯಾ ಪ್ರಸಂಗ: ಮೊದಲ ಪಿಕ್ಕನ್ನು ರಾಯ್ ಹಿನ್ಸನ್ ಮತ್ತು ಹಣಕ್ಕಾಗಿ ಕ್ಲೀವ್‌ಲ್ಯಾಂಡ್‌ಗೆ ಕೊಡಲಾಯಿತು, ಆ ಪಿಕ್‌ನಲ್ಲಿ ಆಯ್ಕೆಯಾದ ಬ್ರ್ಯಾಡ್ ಡೋರ್ಟಿ ಐದು ಬಾರಿ ಆಲ್‌ಸ್ಟಾರ್ ಆದರು, ಹಿನ್ಸನ್ ಎರಡು ವರ್ಷ ತುಂಬುವ ಮೊದಲೇ ಫಿಲಡೆಲ್ಫಿಯಾ ಬಿಟ್ಟರು. ಒಂದೇ ಒಂದು ಋತುವನ್ನು ನೋಡುವ ಲೆಕ್ಕಕ್ಕೆ ಈ ಎರಡು ವಿನಿಮಯಗಳ ನಡುವಿನ ಅಂತರ ತಿಳಿಯದು.

ಹಾಗಾದರೆ ಸಿದ್ಧ ತಾರೆಗಾಗಿ ಮೊದಲ ಪಿಕ್ಕನ್ನು ಎಂದೂ ಕೊಡಬಾರದೇ? ಹಾಗೆಂದು ನಾನು ಹೇಳಲಾರೆ. ವಿಗಿನ್ಸ್ ಅವರನ್ನು ಕೊಟ್ಟು ಲವ್ ಅವರನ್ನು ತಂದ ಕ್ಲೀವ್‌ಲ್ಯಾಂಡ್ 2015ರಿಂದ 2018ರವರೆಗೆ ಸತತವಾಗಿ ಫೈನಲ್ಸ್ ತಲುಪಿತು, 2016ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಆದರೆ ಆ ವಿನಿಮಯಕ್ಕೆ ಮುನ್ನ ಲೆಬ್ರಾನ್ ಜೇಮ್ಸ್ ತಂಡಕ್ಕೆ ಮರಳಿದ್ದರು, ಅವರಿಗಾಗಲೇ 29 ವರ್ಷ ವಯಸ್ಸು. ಹುಡುಗನೊಬ್ಬ ಪಕ್ವವಾಗುವವರೆಗೆ ಕಾಯುವ ಕಾಲ ಆ ತಂಡಕ್ಕೆ ಇರಲಿಲ್ಲ. ಲವ್ ಅವರಿಗೂ ಆಗ 25 ವರ್ಷ, ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 26.1 ಅಂಕ ಮತ್ತು 12.5 ರಿಬೌಂಡ್ ಗಳಿಸಿದ್ದರು. ಪ್ರಶಸ್ತಿ ಗೆಲ್ಲಿಸಬಲ್ಲ ಆಟಗಾರ ಈಗಾಗಲೇ ತಂಡದಲ್ಲಿದ್ದು, ಬರುವವನು ಏಳುವ ವಯಸ್ಸಿನಲ್ಲೇ ಇದ್ದರೆ ಮಾತ್ರ ಇಂಥ ವಿನಿಮಯಕ್ಕೆ ಅರ್ಥವಿದೆ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಪಿಕ್ಕನ್ನು ಉಳಿಸಿಕೊಳ್ಳುವುದೇ ಸರಿ.

ಇದಕ್ಕೆ ಹಣದ ಕಾರಣವೂ ಇದೆ, ಟ್ರೇಡ್ ಮಷೀನ್‌ಗಳು ಅತ್ಯಂತ ಕಡಿಮೆ ಬೆಲೆ ಕಟ್ಟುವುದು ಇದಕ್ಕೇ. 2025ರಲ್ಲಿ ಮೊದಲ ಪಿಕ್ ಆಗಿ ಬಂದ ಕೂಪರ್ ಫ್ಲಾಗ್ ಅವರ ಮೊದಲ ವರ್ಷದ ಸಂಬಳ ಸುಮಾರು 1.38 ಕೋಟಿ ಡಾಲರ್. ಅದೇ ಋತುವಿನಲ್ಲಿ ಹತ್ತು ವರ್ಷ ಪೂರೈಸಿದ ಆಟಗಾರನ ಹೊಸ ಒಪ್ಪಂದದ ಗರಿಷ್ಠ ಸಂಬಳ ಕ್ಯಾಪ್‌ನ ಶೇಕಡಾ 35, ಅಂದರೆ ಸುಮಾರು 5.41 ಕೋಟಿ ಡಾಲರ್. ಮೊದಲ ಸುತ್ತಿನ ಹೊಸಬನ ಒಪ್ಪಂದ ನಾಲ್ಕು ವರ್ಷ ಹೀಗೆ ಅಗ್ಗದ ದರದಲ್ಲೇ ಸಾಗುತ್ತದೆ, ಕೊನೆಯ ಎರಡು ವರ್ಷ ಮುಂದುವರಿಸುವ ಹಕ್ಕು ತಂಡದ ಕೈಯಲ್ಲಿರುತ್ತದೆ. ಹುಡುಗ ಎರಡನೆಯ ವರ್ಷಕ್ಕೇ ತಾರೆಯಾದರೆ, ಸಂಬಳದಲ್ಲಿ ಉಳಿದ ನಾಲ್ಕು ಕೋಟಿ ಡಾಲರ್‌ನಲ್ಲಿ ಇನ್ನೊಬ್ಬ ಒಳ್ಳೆಯ ಆಟಗಾರನನ್ನೇ ತರಬಹುದು. ಸೆಕೆಂಡ್ ಏಪ್ರನ್ ಬಂದ ಮೇಲೆ ಈ ಉಳಿತಾಯದ ಬೆಲೆ ಇನ್ನಷ್ಟು ಏರಿದೆ. ಈ ಒಂದು ಬದಲಾವಣೆಯಿಂದಲೇ, 2014ರಲ್ಲಿ ಸರಿಯಾಗಿದ್ದ ವಿನಿಮಯ ಈಗ ಅಷ್ಟು ಸರಿಯಾಗದೆ ಹೋಗಬಹುದು.

ಲಾಟರಿಗೆ ಮುನ್ನ ಪಿಕ್ಕನ್ನು ಕೊಡುವುದು ಬೇರೆಯದೇ ಅಪಾಯ, ಈ ಭಾಗದಲ್ಲಿ ಲಾಟರಿಯ ಅಣಕು ಪ್ರಯೋಗ ನಡೆಸುವ ಸೇವೆಗಳು ನಿಜಕ್ಕೂ ಉಪಯುಕ್ತ. 2019ರಿಂದ ಜಾರಿಗೆ ಬಂದ ಪದ್ಧತಿಯಲ್ಲಿ ಕೊನೆಯ ಮೂರು ತಂಡಗಳಿಗೆ ಮೊದಲ ಪಿಕ್ ಸಿಗುವ ಸಾಧ್ಯತೆ ತಲಾ ಶೇಕಡಾ 14. 2023, 2024 ಮತ್ತು 2025ರಲ್ಲಿ ಲೀಗ್‌ನ ಅತಿ ಕೆಟ್ಟ ದಾಖಲೆಯ ತಂಡ ಸತತವಾಗಿ ಐದನೆಯ ಸ್ಥಾನಕ್ಕೆ ಜಾರಿತು. 2025ರಲ್ಲಿ ಶೇಕಡಾ 1.8ರಷ್ಟೇ ಸಾಧ್ಯತೆಯಿದ್ದ ಡಲ್ಲಾಸ್ ಮ್ಯಾವರಿಕ್ಸ್ ಗೆದ್ದಿತು. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ 2011ರ ಫೆಬ್ರವರಿಯಲ್ಲಿ ಬ್ಯಾರನ್ ಡೇವಿಸ್ ಅವರ ಒಪ್ಪಂದದ ಭಾರ ಕಳೆದುಕೊಳ್ಳಲು ಯಾವ ರಕ್ಷಣೆಯೂ ಇಲ್ಲದ ಪಿಕ್ಕನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟಿತ್ತು. ಶೇಕಡಾ 2.8ರ ಸಾಧ್ಯತೆಯಿದ್ದ ಆ ಪಿಕ್ ಲಾಟರಿಯಲ್ಲಿ ಮೊದಲ ಸ್ಥಾನಕ್ಕೆ ಹಾರಿ ಕೈರಿ ಅರ್ವಿಂಗ್ ಆಯಿತು. ಮೊದಲ ಕೆಲವು ಸ್ಥಾನಗಳಿಗೆ ಬಂದರೆ ಪಿಕ್ ನಮ್ಮಲ್ಲೇ ಉಳಿಯಲಿ ಎಂಬ ಒಂದು ಸಾಲು ಒಪ್ಪಂದದಲ್ಲಿದ್ದರೆ ಸಾಕಿತ್ತು. ನಾನು ಬಳಸಿದ ಒಂದು ಸೇವೆಯಲ್ಲಿ ಇಂಥ ರಕ್ಷಣೆಯನ್ನು ನಮೂದಿಸಲು ಅವಕಾಶವೇ ಇರಲಿಲ್ಲ. ಪಿಕ್‌ಗಳ ಚರ್ಚೆಗೆ ಅಂಥ ಸೇವೆಯನ್ನು ನಾನು ಶಿಫಾರಸು ಮಾಡಲಾರೆ.

ಡಲ್ಲಾಸ್‌ಗೆ 2025ರಲ್ಲಿ ಮೊದಲ ಪಿಕ್ ಬಂದಾಗ ತಂಡದಲ್ಲಿ ಆಂಥೊನಿ ಡೇವಿಸ್ ಮತ್ತು ಅರ್ವಿಂಗ್ ಇದ್ದರು. ಇಬ್ಬರೂ ಮೂವತ್ತು ದಾಟಿದವರು, ಅರ್ವಿಂಗ್ ಮೊಣಕಾಲಿನ ಗಾಯದಿಂದ ಹೊರಗಿದ್ದರು. ಈಗಲೇ ಗೆಲ್ಲಬೇಕಾದ ತಂಡ ಇದು, ಪಿಕ್ಕನ್ನು ಕೊಟ್ಟು ಇನ್ನೊಬ್ಬ ತಾರೆಯನ್ನು ತರಲಿ ಎಂಬ ವಾದಕ್ಕೆ ಟ್ರೇಡ್ ಮಷೀನ್‌ನಲ್ಲಿ ಬೇಕಾದಷ್ಟು ಸಿಂಧು ವಿನಿಮಯಗಳನ್ನು ಕಟ್ಟಬಹುದಿತ್ತು. ತಂಡ ಪಿಕ್ ಉಳಿಸಿಕೊಂಡು ಫ್ಲಾಗ್ ಅವರನ್ನು ಆರಿಸಿತು, ನನ್ನ ಪ್ರಕಾರ ಬೇರೆ ಯಾವ ಉತ್ತರವೂ ಸಮರ್ಥನೀಯವಾಗಿರಲಿಲ್ಲ: ಲೂಕಾ ಡಾನ್ಸಿಚ್ ಅವರನ್ನು ಕೆಲವೇ ತಿಂಗಳ ಹಿಂದೆ ಲೇಕರ್ಸ್‌ಗೆ ಕಳುಹಿಸಿದ್ದ ತಂಡಕ್ಕೆ ಮುಂದಿನ ಹತ್ತು ವರ್ಷಗಳ ಆಧಾರ ಬೇಕಿತ್ತು, ಮುಂದಿನ ಎಂಟು ತಿಂಗಳದ್ದಲ್ಲ.

ಈ ಸೇವೆಗಳನ್ನು ಬಳಸುವವರು ಬಿಟ್ಟುಕೊಡುವ ಮತ್ತು ಪಡೆಯುವ ಆಟಗಾರರ ಮುಂದಿನ ನಾಲ್ಕು ವರ್ಷಗಳ ಸಂಬಳವನ್ನು ಪಕ್ಕಪಕ್ಕದಲ್ಲಿ ತೋರಿಸುವ, ಪಿಕ್‌ನ ರಕ್ಷಣೆಯನ್ನು ನಮೂದಿಸಲು ಬಿಡುವ ಮತ್ತು ಪ್ರತಿಯೊಬ್ಬನ ವಯಸ್ಸನ್ನು ಹೆಸರಿನ ಬದಿಯಲ್ಲೇ ಕೊಡುವ ಸೇವೆಯನ್ನು ಹುಡುಕಿಕೊಳ್ಳಲಿ. ಗೆಲುವಿನ ಅಂದಾಜಿನ ಅಂಕಣವನ್ನು ಮರೆಮಾಡುವ ಆಯ್ಕೆ ಇದ್ದರೆ, ಮೊದಲ ಪಿಕ್‌ನ ವಿನಿಮಯ ಕಟ್ಟುವಾಗ ಅದನ್ನು ಮರೆಮಾಡಿಯೇ ಕೆಲಸ ಮಾಡಲಿ.