ನೋಟ್‌ಬುಕ್ ಕೋಡಿಗೆ ಫ್ಲೇಕ್8 ಕಿರಿಕಿರಿ: ಎನ್‌ಬಿಕನ್ವರ್ಟ್, ಜುಪಿಟೆಕ್ಸ್ಟ್, ರಫ್

ಕೋಡನ್ನು ಸೆಲ್ ಎಂಬ ತುಣುಕುಗಳಲ್ಲಿ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ಕನ್ನು ಪೈಥಾನ್ ಫೈಲಾಗಿಸಿ ಪ್ರಾಜೆಕ್ಟಿಗೆ ಸೇರಿಸಿದರೆ, ಕೋಡಿನ ತಪ್ಪು ಮತ್ತು ಶೈಲಿ ಪರೀಕ್ಷಿಸುವ ಫ್ಲೇಕ್8 ಗೊಣಗಲು ಶುರು. ಹೀಗೆ ಫೈಲಾಗಿಸುವ ಸಾಧನಗಳು ಎನ್‌ಬಿಕನ್ವರ್ಟ್ ಮತ್ತು ಜುಪಿಟೆಕ್ಸ್ಟ್; ನನ್ನ ಓಟು ಜುಪಿಟೆಕ್ಸ್ಟಿಗೆ, ಅದರಲ್ಲೂ ಸೆಲ್ಲುಗಳನ್ನು '# %%' ಗುರುತಿನಿಂದ ಬೇರ್ಪಡಿಸುವ 'ಪೈ:ಪರ್ಸೆಂಟ್' ರೂಪಕ್ಕೆ.

ಎನ್‌ಬಿಕನ್ವರ್ಟ್ ಮ್ಯಾಜಿಕ್ ಸಾಲುಗಳನ್ನು (% ಗುರುತಿನ ನೋಟ್‌ಬುಕ್ ಆದೇಶಗಳನ್ನು) 'ಗೆಟ್_ಐಪೈಥಾನ್' ಕರೆಗಳಾಗಿ ಬದಲಿಸುತ್ತದೆ. ಆ ಹೆಸರು ಫೈಲಿನಲ್ಲಿ ಎಲ್ಲೂ ಇರುವುದಿಲ್ಲ, ಹಾಗಾಗಿ ಫ್ಲೇಕ್8ನಿಂದ ಎಫ್821 (ಗೊತ್ತಿಲ್ಲದ ಹೆಸರು) ಎಂಬ ಎಚ್ಚರಿಕೆ ಬರುತ್ತದೆ. ಇದೊಂದನ್ನು ಮಾತ್ರ ಅಡಗಿಸಬೇಡಿ. ಇದು ಬರೀ ಫಾರ್ಮ್ಯಾಟಿಂಗ್ ಗೊಣಗಾಟವಲ್ಲ, ಸಾದಾ ಪೈಥಾನಿನಲ್ಲಿ ಇಂಪೋರ್ಟ್ ಮಾಡಿದರೆ ನೇಮ್‌ಎರರ್ ಗ್ಯಾರಂಟಿ. ಜುಪಿಟೆಕ್ಸ್ಟ್ ಅದೇ ಸಾಲಿಗೆ ಮುಂದೊಂದು # ಹಾಕಿ ಕಾಮೆಂಟ್ ಮಾಡಿಬಿಡುತ್ತದೆ.

ಎರಡರಲ್ಲೂ ಉಳಿಯುವುದು ಇ402 ಮತ್ತು ಇ501. ಮೊದಲನೆಯದು ನಡುವಿನ ಸೆಲ್ಲಿನ ಇಂಪೋರ್ಟಿಗೆ. ಎರಡನೆಯದು 79 ಅಕ್ಷರ ದಾಟಿದ ಸಾಲಿಗೆ, ಹೆಚ್ಚಾಗಿ ಕಾಮೆಂಟಾದ ಮಾರ್ಕ್‌ಡೌನಿಗೆ (ನೋಟ್‌ಬುಕ್ಕಿನ ವಿವರಣೆಯ ಬರಹಕ್ಕೆ). ಪರಿವರ್ತಿತ ಫೈಲಿನಲ್ಲೇ 'ನೋಕ್ಯೂಎ' (ಈ ಸಾಲನ್ನು ಬಿಟ್ಟುಬಿಡು ಎಂಬ ಕಾಮೆಂಟ್) ಬರೆದರೆ ಮುಂದಿನ ಪರಿವರ್ತನೆಗೆ ಅಳಿಸಿಹೋಗುತ್ತದೆ.

ಎಲ್ಲರೂ ಎಡವುವುದು ಫ್ಲೇಕ್8ನ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಫೈಲಿನಲ್ಲಿ). 'ಇಗ್ನೋರ್ = ಇ402,ಇ501' ಎಂದು ಬರೆದ ತಕ್ಷಣ ಅದುವರೆಗೆ ಕಾಣದ ಎರಡು ಎಚ್ಚರಿಕೆಗಳು ಹಾಜರ್: ಡಬ್ಲ್ಯೂ503, ಡಬ್ಲ್ಯೂ504. ಫ್ಲೇಕ್8 ಇವೆರಡನ್ನೂ ಮೊದಲಿನಿಂದಲೇ ಕಡೆಗಣಿಸುತ್ತದೆ, ಆದರೆ 'ಇಗ್ನೋರ್' ಆ ಪಟ್ಟಿಗೆ ಸೇರುವುದಿಲ್ಲ, ಅದರ ಜಾಗವನ್ನೇ ಕಬಳಿಸುತ್ತದೆ. ಪಾಂಡಾಸ್ (ದತ್ತಾಂಶ ಕೋಷ್ಟಕಗಳ ಪೈಥಾನ್ ಲೈಬ್ರರಿ) ಫಿಲ್ಟರಿನಲ್ಲಿ ಎರಡು ಷರತ್ತುಗಳ ನಡುವಿನ & ಗುರುತು ಸಾಲಿನ ಮೊದಲಿಗಿದ್ದರೆ 503, ಕೊನೆಗಿದ್ದರೆ 504. ಎಲ್ಲಿಟ್ಟರೂ ಬೈಗುಳ! 'ಎಕ್ಸ್‌ಟೆಂಡ್-ಇಗ್ನೋರ್' ಬರೆದರೆ ಹಳೆಯ ಪಟ್ಟಿ ಉಳಿಯುತ್ತದೆ.

ಅದಕ್ಕಿಂತಲೂ ಚೊಕ್ಕದ್ದು 'ಪರ್-ಫೈಲ್-ಇಗ್ನೋರ್ಸ್': ನೋಟ್‌ಬುಕ್ಕಿನಿಂದ ಬಂದ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು, ಆ ಫೋಲ್ಡರಿಗೆ ಮಾತ್ರ ಇ402, ಇ501 ಬಿಡಿ. ಉಳಿದ ಕೋಡಿಗೆ ನಿಯಮ ಎಂದಿನಂತೆಯೇ. ಈ ಪಟ್ಟಿಯ ಸಾಲಿನ ಕೊನೆಗೆ ಕಾಮೆಂಟ್ ಬರೆಯಬೇಡಿ; 6ನೇ ಆವೃತ್ತಿಯಿಂದ ಅದೇ ಎರರ್. ಇದನ್ನೆಲ್ಲ ಪೈಪ್ರಾಜೆಕ್ಟ್.ಟಾಮ್ಲ್‌ನಲ್ಲಿ ಬರೆದರೆ ಫ್ಲೇಕ್8 ತಿರುಗಿಯೂ ನೋಡುವುದಿಲ್ಲ, ಸೆಟಪ್.ಸಿಎಫ್‌ಜಿಯಲ್ಲಿ ಬರೆಯಿರಿ.

ಫ್ಲೇಕ್8ನಂಥದೇ ಇನ್ನೊಂದು ಪರೀಕ್ಷಕ ರಫ್ ನೋಟ್‌ಬುಕ್ಕನ್ನೇ ನೇರ ಓದುತ್ತದೆ, 0.6ರಿಂದ (2024) ಅದಕ್ಕೆ ಬೇರೆ ಸೆಟ್ಟಿಂಗ್ ಕೂಡ ಬೇಡ. ಇಂಪೋರ್ಟ್ ಪ್ರತಿ ಸೆಲ್ಲಿನ ತಲೆಯಲ್ಲಿದ್ದರೆ ಇ402 ಎನ್ನುವುದಿಲ್ಲ. ಕೋಡ್ ನೋಟ್‌ಬುಕ್ಕಿನಲ್ಲೇ ಉಳಿಯುವುದಾದರೆ ಇದೇ ಗೆದ್ದಂತೆ.

ಮೂರೂ ಉಚಿತ, ಖರ್ಚಾಗುವುದು ಸಮಯ. ಫ್ಲೇಕ್8 ಈಗಾಗಲೇ ಸಿಐನಲ್ಲಿ (ಕೋಡ್ ಸೇರಿಸಿದಾಗಲೆಲ್ಲ ತಾನಾಗಿ ನಡೆಯುವ ಪರೀಕ್ಷೆಯಲ್ಲಿ) ಓಡುತ್ತಿರುವಾಗ ನಾನು ಅದನ್ನು ಕಿತ್ತುಹಾಕಲಾರೆ. ಜುಪಿಟೆಕ್ಸ್ಟ್ ಮತ್ತು ಸೆಟಪ್.ಸಿಎಫ್‌ಜಿಯಲ್ಲಿ ಎರಡು ಸಾಲು ಸಾಕು. ಎನ್‌ಬಿಕನ್ವರ್ಟ್ ಇರುವುದು ಪಿಡಿಎಫ್ ತೆಗೆಯಲಿಕ್ಕೆ.